ಸಿವಿಲ್ ಕೋರ್ಟು ನಿಮ್ಮನ್ನ ಆರ್ಬಿಟ್ರೇಷನ್‌ಗೆ ಕಳಿಸಿದ್ರೆ ಆ ಆರ್ಡರನ್ನ ಪ್ರಶ್ನಿಸೋದು ಹೇಗೆ?

"ಸರ್, ಬರಬೇಕಾದ ದುಡ್ಡಿಗೆ ಸಿವಿಲ್ ಕೋರ್ಟಲ್ಲಿ ದಾವೆ ಹಾಕಿದ್ವಿ, ಎದುರು ಪಾರ್ಟಿಯವ್ರು ಅಗ್ರಿಮೆಂಟಲ್ಲಿ ಆರ್ಬಿಟ್ರೇಷನ್ ಕ್ಲಾಜ್ ಇದೆ ಅಂತ ಒಂದು ಅರ್ಜಿ ಕೊಟ್ರು, ಜಡ್ಜ್ ಅದನ್ನ ಒಪ್ಕೊಂಡು ನಮ್ಮನ್ನ ಅಲ್ಲಿಗೆ ಕಳಿಸಿಬಿಟ್ರು, ಈಗ ಅಪೀಲ್ ಹಾಕ್ಬಹುದಾ?" ಈ ಪ್ರಶ್ನೆ ನನಗೆ ಎಷ್ಟು ಸಲ ಬರತ್ತೆ ಅಂದ್ರೆ ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯೋ ಬದ್ಲು ಒಂದೇ ಕಡೆ ಪೂರ್ತಿ ಬರೆದಿಡೋಣ ಅನ್ನಿಸ್ತು.

ನೇರ ಉತ್ತರ: ಅಪೀಲ್ ಇಲ್ಲ. ಆದ್ರೆ ದಾರಿನೇ ಇಲ್ಲ ಅಂತಲ್ಲ, ಹೈಕೋರ್ಟಿಗೆ ಹೋಗೋಕೆ ಒಂದು ಕಿರುಬಾಗಿಲು ಇದೆ, ಅದರಲ್ಲಿ ಎಲ್ಲರೂ ತೂರೋಕಾಗಲ್ಲ. ನಿಮ್ಮ ಕೇಸು ಅದರಲ್ಲಿ ತೂರತ್ತಾ ಇಲ್ವಾ ಅಂತ ಆರ್ಡರ್ ಬಂದ ಮೊದಲ ಕೆಲವೇ ದಿನಗಳಲ್ಲಿ ತೀರ್ಮಾನ ಮಾಡ್ಬೇಕು, ಯಾಕಂದ್ರೆ ನೀವು ಯೋಚನೆ ಮಾಡ್ತಾ ಕೂತಷ್ಟು ಹೊತ್ತೂ ಬೇರೆ ಗಡಿಯಾರಗಳು ಓಡ್ತಾನೇ ಇರ್ತವೆ.

ಮೊದಲು ಎರಡು ಪದ. ಆರ್ಬಿಟ್ರೇಷನ್ ಅಂದ್ರೆ ಕೋರ್ಟಿನ ಬದಲು ಖಾಸಗಿ ತೀರ್ಪುಗಾರರ ಮುಂದೆ ಜಗಳ ಬಗೆಹರಿಸ್ಕೊಳ್ಳೋದು. ಕನ್ನಡ ಪತ್ರಿಕೆಗಳು ಇದನ್ನೂ ಮಧ್ಯಸ್ಥಿಕೆ ಅಂತಾವೆ, ಮೀಡಿಯೇಷನ್ನನ್ನೂ ಮಧ್ಯಸ್ಥಿಕೆ ಅಂತಾವೆ, ಅದಕ್ಕೇ ಜನ ಗೊಂದಲ ಮಾಡ್ಕೋತಾರೆ. ಮೀಡಿಯೇಷನ್‌ನಲ್ಲಿ ರಾಜಿ ಮಾಡಿಸ್ತಾರೆ, ಒಪ್ಪಿಗೆ ಆಗ್ಲಿಲ್ಲ ಅಂದ್ರೆ ಎದ್ದು ಬರಬಹುದು. ಆರ್ಬಿಟ್ರೇಷನ್‌ನಲ್ಲಿ ಆರ್ಬಿಟ್ರೇಟರ್ ತೀರ್ಪು ಕೊಡ್ತಾರೆ, ಅದರ ಹೆಸರು ಅವಾರ್ಡ್, ಅದು ಕೋರ್ಟ್ ಡಿಕ್ರಿ ಥರಾನೇ ಜಾರಿ ಆಗತ್ತೆ. ನೀವು ಹೋಗ್ಲಿಲ್ಲ ಅಂದ್ರೂ ನಿಮ್ಮ ಬೆನ್ನ ಹಿಂದೆ ಅವಾರ್ಡ್ ಆಗಬಹುದು.

1. ಯಾವ ಆರ್ಡರ್, ಯಾವ ಸೆಕ್ಷನ್ ಅಂತ ಮೊದಲು ನೋಡಿ

ನಮ್ಮಲ್ಲಿ ಇದಕ್ಕಿರೋ ಕಾನೂನು 1996ರ ಆರ್ಬಿಟ್ರೇಷನ್ ಅಂಡ್ ಕನ್ಸಿಲಿಯೇಷನ್ ಕಾಯ್ದೆ. ನೀವು ಹಾಕಿದ ದಾವೆಯಲ್ಲಿ ಪ್ರತಿವಾದಿ ಅರ್ಜಿ ಕೊಟ್ಟು ಕೋರ್ಟು ನಿಮ್ಮನ್ನ ಕಳಿಸಿದ್ರೆ ಅದು ಸೆಕ್ಷನ್ 8ರ ಆರ್ಡರ್. ದಾವೆನೇ ಇಲ್ದೆ ಎದುರು ಪಾರ್ಟಿ ನೇರ ಹೈಕೋರ್ಟಿಗೆ ಹೋಗಿ ಆರ್ಬಿಟ್ರೇಟರ್ ನೇಮಕ ಮಾಡಿಸ್ಕೊಂಡಿದ್ರೆ ಅದು ಸೆಕ್ಷನ್ 11. ನಮ್ಮ ಕರ್ನಾಟಕ ಹೈಕೋರ್ಟಲ್ಲಿ ಈ ಸೆಕ್ಷನ್ 11 ಅರ್ಜಿಗಳಿಗೆ ಸಿಎಂಪಿ (ಸಿವಿಲ್ ಮಿಸಲೇನಿಯಸ್ ಪಿಟಿಷನ್) ಅಂತ ನಂಬರ್ ಬೀಳತ್ತೆ. ಎರಡಕ್ಕೂ ಮುಂದಿನ ದಾರಿ ಬೇರೆ ಬೇರೆ. ಸೆಕ್ಷನ್ 11ರ ಆರ್ಡರ್ ಮೇಲೆ ಹೈಕೋರ್ಟಲ್ಲೇ ಮೇಲ್ಮನವಿ ಇಲ್ಲ, ಇಬ್ಬರು ಜಡ್ಜ್‌ಗಳ ಡಿವಿಷನ್ ಬೆಂಚಿಗೂ ಹೋಗೋಕಾಗಲ್ಲ, ಉಳಿಯೋದು ಸಂವಿಧಾನದ 136ನೇ ವಿಧಿ ಅಡಿ ಸುಪ್ರೀಂ ಕೋರ್ಟಿಗೆ ಎಸ್‌ಎಲ್‌ಪಿ ಮಾತ್ರ, ಅಂದ್ರೆ ವಿಶೇಷ ಅನುಮತಿ ಅರ್ಜಿ. 2005ರಲ್ಲಿ ಪಟೇಲ್ ಇಂಜಿನಿಯರಿಂಗ್ ಕೇಸಲ್ಲಿ 7 ಜಡ್ಜ್‌ಗಳ ಪೀಠ ಇದನ್ನ ಸ್ಪಷ್ಟ ಮಾಡಿತ್ತು.

ಇಲ್ಲಿ ಮುಂದೆ ಬರೆಯೋದೆಲ್ಲ ಮುಖ್ಯವಾಗಿ ಸೆಕ್ಷನ್ 8ರ ಬಗ್ಗೆ, ಕೇಳೋರಲ್ಲಿ ಹೆಚ್ಚಿನವರ ಸಮಸ್ಯೆ ಅದೇ.

2. ಅಪೀಲ್ ಯಾಕಿಲ್ಲ ಅನ್ನೋದನ್ನ ಅರ್ಥ ಮಾಡ್ಕೊಳ್ಳಿ

ಯಾವ ಆರ್ಡರ್ ಮೇಲೆ ಅಪೀಲ್ ಹಾಕ್ಬಹುದು ಅನ್ನೋ ಪಟ್ಟಿ ಸೆಕ್ಷನ್ 37ರಲ್ಲಿದೆ. 2015ರ ತಿದ್ದುಪಡಿಯಲ್ಲಿ ಅದಕ್ಕೆ ಒಂದು ಸಾಲು ಸೇರಿಸಿದ್ರು: ಸೆಕ್ಷನ್ 8ರ ಅಡಿ ಆರ್ಬಿಟ್ರೇಷನ್‌ಗೆ ಕಳಿಸೋಕೆ ಕೋರ್ಟು ನಿರಾಕರಿಸಿದ್ರೆ ಅಪೀಲ್ ಉಂಟು. ಕಳಿಸಿದ್ರೆ? ಅದರ ಬಗ್ಗೆ ಪಟ್ಟಿಯಲ್ಲಿ ಒಂದಕ್ಷರ ಇಲ್ಲ, ಪಟ್ಟಿಯಲ್ಲಿ ಇಲ್ಲದ ಆರ್ಡರ್ ಮೇಲೆ ಅಪೀಲ್ ಹಾಕೋಹಾಗಿಲ್ಲ ಅಂತ ಅದೇ ಸೆಕ್ಷನ್ ಹೇಳತ್ತೆ. ಅಂದ್ರೆ ಅರ್ಜಿ ಬಿದ್ದುಹೋದ್ರೆ ಎದುರು ಪಾರ್ಟಿಗೆ ಅಪೀಲ್ ಇದೆ, ಅರ್ಜಿ ಗೆದ್ರೆ ನಿಮಗೆ ಅಪೀಲ್ ಇಲ್ಲ. ದೊಡ್ಡ ದೊಡ್ಡ ಕಂಪನಿಗಳು ಕೂತು ಮಾತಾಡಿ ಮಾಡ್ಕೊಂಡ ಒಪ್ಪಂದಕ್ಕೆ ಇದು ಸರಿನೇ ಇರಬಹುದು, ಆದ್ರೆ ಸಾಲದ ಫಾರಂನ 14ನೇ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಅಚ್ಚಾದ ಕ್ಲಾಜಿಗೆ ಸಹಿ ಹಾಕಿದವರಿಗೂ ಇದೇ ನಿಯಮ ಅನ್ನೋದು ನನಗೆ ಇವತ್ತಿಗೂ ನ್ಯಾಯ ಅನ್ನಿಸಲ್ಲ. ಆದ್ರೂ ಕಾನೂನು ಇರೋದು ಹೀಗೆ, ಇದನ್ನ ಇಟ್ಕೊಂಡೇ ಲೆಕ್ಕ ಹಾಕ್ಬೇಕು.

ಇಲ್ಲಾಗೋ ತಪ್ಪು ಅಂದ್ರೆ ಗೊತ್ತಿಲ್ದೆ ಎಂಎಫ್‌ಎ (ಮಿಸಲೇನಿಯಸ್ ಫಸ್ಟ್ ಅಪೀಲ್, ಹೈಕೋರ್ಟಿಗೆ ಹಾಕೋ ಒಂದು ಬಗೆಯ ಅಪೀಲ್) ಅಥವಾ ಕಮರ್ಷಿಯಲ್ ಅಪೀಲ್ ಹಾಕೋದು. ರಿಜಿಸ್ಟ್ರಿ ಆಬ್ಜೆಕ್ಷನ್ ಹಾಕತ್ತೆ, ಅಲ್ಲಿಂದ ಪಾರಾದ್ರೂ ಬೆಂಚ್ ಮುಂದೆ ಮೇಂಟೇನಬಲ್ ಅಲ್ಲ (ವಿಚಾರಣೆಗೇ ತಗೊಳ್ಳೋ ಹಾಗಿಲ್ಲ) ಅಂತ ಬಿದ್ದುಹೋಗತ್ತೆ, ಅಷ್ಟ್ರಲ್ಲಿ ತಿಂಗಳುಗಳೇ ಕಳೆದಿರತ್ತೆ. ನಿಮ್ಮ ದಾವೆ ಕಮರ್ಷಿಯಲ್ ಕೋರ್ಟಲ್ಲಿದ್ರೆ, ಅಂದ್ರೆ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ವಾಣಿಜ್ಯ ವ್ಯಾಜ್ಯ ಆಗಿದ್ರೆ, ಮಧ್ಯಂತರ ಆದೇಶಗಳ ಮೇಲೆ ರಿವಿಷನ್ (ಮೇಲಿನ ಕೋರ್ಟಿಗೆ ಮರುಪರಿಶೀಲನೆ ಅರ್ಜಿ) ಹಾಕೋದಕ್ಕೂ 2015ರ ಕಮರ್ಷಿಯಲ್ ಕೋರ್ಟ್ಸ್ ಕಾಯ್ದೆಯ ಸೆಕ್ಷನ್ 8 ತಡೆ ಹಾಕಿದೆ. ಇಲ್ಲೂ ಸೆಕ್ಷನ್ 8 ಅನ್ನೋದೇ ನಂಬರ್, ಆದ್ರೆ ಕಾಯ್ದೆ ಬೇರೆ, ಕನ್‌ಫ್ಯೂಸ್ ಆಗ್ಬೇಡಿ.

3. ಪೇಪರ್ ಒಟ್ಟು ಮಾಡಿ, ಅದೂ ಇವತ್ತೇ

ಆರ್ಡರಿನ ಸರ್ಟಿಫೈಡ್ ಕಾಪಿಗೆ ಅವತ್ತೇ ನಕಲು ಅರ್ಜಿ ಹಾಕಿ. ಜೊತೆಗೆ ಪ್ಲೇಂಟು (ನಿಮ್ಮ ದಾವೆ ಪತ್ರ), ಎದುರು ಪಾರ್ಟಿ ಕೊಟ್ಟ ಸೆಕ್ಷನ್ 8 ಅರ್ಜಿ (ಆರ್ಡರ್ ಶೀಟಲ್ಲಿ ಅದು ಐಎ, ಅಂದ್ರೆ ಮಧ್ಯಂತರ ಅರ್ಜಿ, ನಂಬರ್ ಆಗಿ ಕಾಣತ್ತೆ), ಅದಕ್ಕೆ ನೀವು ಕೊಟ್ಟ ಆಕ್ಷೇಪಣೆ, ಪೂರ್ತಿ ಆರ್ಡರ್ ಶೀಟು, ಅಗ್ರಿಮೆಂಟಿನ ಎಲ್ಲಾ ಪುಟಗಳು. ಎಲ್ಲಾ ಪುಟ ಅಂತ ಒತ್ತಿ ಹೇಳ್ತೀನಿ, ಯಾಕಂದ್ರೆ ಎಷ್ಟೋ ಜನ ಸಹಿ ಇರೋ ಕೊನೇ ಪುಟ ಮಾತ್ರ ಫೋಟೋ ತೆಗೆದು ಕಳಿಸ್ತಾರೆ, ಜಗಳ ಇರೋದು ಕ್ಲಾಜಿನ ಒಂದೊಂದು ಪದದಲ್ಲಿ.

ಆರ್ಡರ್ ಶೀಟಲ್ಲಿ ನೋಡ್ಬೇಕಾದ್ದು ತಾರೀಖುಗಳು. ಎದುರು ಪಾರ್ಟಿ ರಿಟನ್ ಸ್ಟೇಟ್‌ಮೆಂಟ್ (ದಾವೆಗೆ ಲಿಖಿತ ಉತ್ತರ) ಯಾವತ್ತು ಕೊಟ್ರು, ಸೆಕ್ಷನ್ 8 ಅರ್ಜಿ ಯಾವತ್ತು ಕೊಟ್ರು, ಅರ್ಜಿ ಜೊತೆ ಅಗ್ರಿಮೆಂಟಿನ ಮೂಲ ಪ್ರತಿನೋ ಪ್ರಮಾಣೀಕೃತ ಪ್ರತಿನೋ ಇಟ್ರಾ ಇಲ್ವಾ.

4. ನಿಮ್ಮ ಕೇಸಲ್ಲಿ ಹುರುಳಿದ್ಯಾ ಅಂತ ಪ್ರಾಮಾಣಿಕವಾಗಿ ತೂಗಿ ನೋಡಿ

ಇದೇ ಎಲ್ಲಕ್ಕಿಂತ ಮುಖ್ಯ ಹಂತ, ನಿಧಾನವಾಗಿ ಓದಿ. ಸೆಕ್ಷನ್ 8 ಪ್ರಕಾರ ಮೇಲ್ನೋಟಕ್ಕೆ ಸಿಂಧುವಾದ ಆರ್ಬಿಟ್ರೇಷನ್ ಒಪ್ಪಂದ ಇಲ್ಲವೇ ಇಲ್ಲ ಅಂತ ಕಂಡ್ರೆ ಮಾತ್ರ ಕೋರ್ಟು ಕಳಿಸದೇ ಇರಬಹುದು, ಇಲ್ದಿದ್ರೆ ಕಳಿಸಲೇಬೇಕು. 2020ರ ಡಿಸೆಂಬರಿನಲ್ಲಿ ವಿದ್ಯಾ ದ್ರೋಲಿಯಾ ಕೇಸಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಅನುಮಾನ ಇದ್ರೆ ಕಳಿಸಿಬಿಡಿ ಅನ್ನೋ ನಿಲುವು ತಗೊಂಡಿದೆ. ಹಾಗಾಗಿ "ಜಡ್ಜ್ ಸರಿಯಾಗಿ ಯೋಚನೆ ಮಾಡ್ಲಿಲ್ಲ" ಅನ್ನೋ ವಾದ ಸಾಕಾಗಲ್ಲ. ಇದ್ದಿದ್ರಲ್ಲಿ ಬಲ ಇರೋ ಅಂಶಗಳು ಇವು, ಮುಂದೆ ಹೆಸರಿಸೋ ತೀರ್ಪುಗಳೆಲ್ಲ ಸುಪ್ರೀಂ ಕೋರ್ಟಿನವು.

ಕ್ಲಾಜೇ ಆರ್ಬಿಟ್ರೇಷನ್ ಕ್ಲಾಜ್ ಅಲ್ದೇ ಇರೋದು. ಎರಡೂ ಕಡೆಯವರು ಮುಂದೆ ಒಪ್ಪಿದ್ರೆ ಆರ್ಬಿಟ್ರೇಷನ್‌ಗೆ ಹೋಗಬಹುದು ಅಂತ ಬರೆದಿದ್ರೆ ಅದು ಕಟ್ಟಿಹಾಕೋ ಒಪ್ಪಂದ ಅಲ್ಲ, ಆಮೇಲೆ ಮಾತಾಡೋಣ ಅನ್ನೋ ಮಾತಷ್ಟೇ. 2007ರ ಜಗದೀಶ್ ಚಂದರ್ ತೀರ್ಪು ಇದನ್ನೇ ಹೇಳತ್ತೆ. ನಿಮ್ಮ ಕ್ಲಾಜಲ್ಲಿ "ಹೋಗಬಹುದು" ಇದ್ಯಾ "ಹೋಗತಕ್ಕದ್ದು" ಇದ್ಯಾ ನೋಡಿ.

ಅರ್ಜಿ ತಡವಾಗಿ ಬಂದಿರೋದು. ವ್ಯಾಜ್ಯದ ತಿರುಳಿನ ಮೇಲೆ ಮೊದಲ ಹೇಳಿಕೆ ಕೊಡೋದ್ರೊಳಗೆ ಸೆಕ್ಷನ್ 8 ಅರ್ಜಿ ಬರಬೇಕು. ಕ್ಲಾಜಿನ ಸುದ್ದಿನೇ ಎತ್ತದೆ ಪೂರ್ತಿ ರಿಟನ್ ಸ್ಟೇಟ್‌ಮೆಂಟ್ ಕೊಟ್ಟು, ಇಶ್ಯೂಸ್ (ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳು) ಫ್ರೇಮ್ ಆಗಿ, ಸಾಕ್ಷಿ ಶುರುವಾದ ಮೇಲೆ ಬಂದಿದ್ರೆ ನಿಮಗೊಂದು ಗಟ್ಟಿ ಅಂಶ ಸಿಕ್ಕಿದ ಹಾಗೆ. ಆದ್ರೆ ಬರೀ ತಾತ್ಕಾಲಿಕ ತಡೆಯಾಜ್ಞೆ ಅರ್ಜಿಗೆ ಆಕ್ಷೇಪಣೆ ಕೊಟ್ಟಿದ್ರೆ ಅದು ಮೊದಲ ಹೇಳಿಕೆ ಆಗಲ್ಲ ಅಂತ 2006ರ ರಾಷ್ಟ್ರೀಯ ಇಸ್ಪಾತ್ ನಿಗಮದ ತೀರ್ಪಿದೆ, ಅಂಥ ಆಕ್ಷೇಪಣೆಯನ್ನೇ ಮೊದಲ ಹೇಳಿಕೆ ಅಂತ ನೆಚ್ಕೊಂಡು ಹೋಗಿ ಸೋತವರು ತುಂಬಾ ಜನ.

ಆರ್ಬಿಟ್ರೇಷನ್‌ಗೆ ಒಗ್ಗದ ವಿಷಯ ಆಗಿರೋದು. ಕ್ರಿಮಿನಲ್ ಅಪರಾಧ, ಗಂಡ ಹೆಂಡತಿ ವಿಚ್ಛೇದನ, ಬಾಡಿಗೆ ನಿಯಂತ್ರಣ ಕಾಯ್ದೆಯ ರಕ್ಷಣೆ ಇರೋ ಬಾಡಿಗೆದಾರರ ಕೇಸು, ಬ್ಯಾಂಕುಗಳು ಡಿಆರ್‌ಟಿಯಲ್ಲಿ (ಸಾಲ ವಸೂಲಿ ನ್ಯಾಯಮಂಡಳಿ) ನಡೆಸಬೇಕಾದ ಸಾಲ ವಸೂಲಿ, ಇವೆಲ್ಲ ಖಾಸಗಿ ತೀರ್ಪುಗಾರರ ಕೈಗೆ ಹೋಗಲ್ಲ. ಮಾಮೂಲಿ ಆಸ್ತಿ ವರ್ಗಾವಣೆ ಕಾಯ್ದೆ ಅಡಿ ಬರೋ ಬಾಡಿಗೆ ಜಗಳ ಮಾತ್ರ ಹೋಗಬಹುದು ಅಂತ ದ್ರೋಲಿಯಾ ತೀರ್ಪಲ್ಲೇ ಇದೆ. ನೀವು ಮನೆ ಕೊಂಡ ಗ್ರಾಹಕರಾಗಿದ್ರೆ ಇನ್ನೊಂದು ಮಾತು ಗಮನಿಸಿ: 2018ರ ಎಮ್ಮಾರ್ ಎಂಜಿಎಫ್ ತೀರ್ಪಿನ ಪ್ರಕಾರ ಆರ್ಬಿಟ್ರೇಷನ್ ಕ್ಲಾಜ್ ಇದ್ರೂ ಗ್ರಾಹಕರ ಆಯೋಗಕ್ಕೆ ಹೋಗಬಹುದು, ಬಿಲ್ಡರ್ ಅಲ್ಲಿ ಸೆಕ್ಷನ್ 8 ತೋರಿಸಿ ಕೇಸು ನಿಲ್ಸೋಕಾಗಲ್ಲ. ಅಲ್ಲಿ ದೂರಿಗೆ 2 ವರ್ಷದ ಮಿತಿ ಇದೆ. ಕೆಲವರಿಗೆ ಸಿವಿಲ್ ಕೋರ್ಟಿನ ಆರ್ಡರ್ ಜೊತೆ ಗುದ್ದಾಡೋದಕ್ಕಿಂತ ಆ ದಾರಿ ವಾಸಿ, ವಕೀಲರ ಹತ್ರ ಇದನ್ನ ಮರೀದೇ ಕೇಳಿ.

ವಂಚನೆ. "ಅವರು ಮೋಸ ಮಾಡಿದ್ರು ಸರ್" ಅಂದ ಮಾತ್ರಕ್ಕೆ ಆರ್ಬಿಟ್ರೇಷನ್ ತಪ್ಪಲ್ಲ. ಆರ್ಬಿಟ್ರೇಷನ್ ಒಪ್ಪಂದವೇ ಮೋಸದಿಂದ ಹುಟ್ಟಿದ್ದು, ಉದಾಹರಣೆಗೆ ಅದರ ಮೇಲಿರೋ ಸಹಿನೇ ನಿಮ್ಮದಲ್ಲ, ಅಂತಿದ್ರೆ ಮಾತು ಬೇರೆ. 2020ರ ಅವಿಟೆಲ್ ತೀರ್ಪು ಈ ಗೆರೆ ಎಳೆದಿದೆ.

ಈಗ ಬಲ ಇಲ್ಲದ ವಾದಗಳನ್ನೂ ಹೇಳಿಬಿಡ್ತೀನಿ, ಇದಕ್ಕೇ ಜನ ದುಡ್ಡು ಸುರೀತಾರೆ. "ಅಗ್ರಿಮೆಂಟಿಗೆ ಸ್ಟಾಂಪ್ ಡ್ಯೂಟಿ ಕಮ್ಮಿ ಕಟ್ಟಿದಾರೆ" ಅನ್ನೋದು 2023ರ ಏಪ್ರಿಲಿನಿಂದ ಡಿಸೆಂಬರ್ ತನಕ ನಡೀತಿತ್ತು, 2023ರ ಡಿಸೆಂಬರ್ 13ರಂದು 7 ಜಡ್ಜ್‌ಗಳ ಪೀಠ ಆ ನಿಲುವನ್ನ ತೆಗೆದುಹಾಕ್ತು, ಸ್ಟಾಂಪ್ ಕೊರತೆ ಸರಿಪಡಿಸಬಹುದಾದ ದೋಷ, ಸೆಕ್ಷನ್ 8 ಹಂತದಲ್ಲಿ ಅದನ್ನ ನೋಡೋ ಹಾಗಿಲ್ಲ. "ದಾವೆಯಲ್ಲಿ ಕ್ಲಾಜಿಗೆ ಸಹಿ ಹಾಕದ ಇನ್ನೊಬ್ಬ ಪ್ರತಿವಾದಿ ಇದಾನೆ" ಅನ್ನೋದಕ್ಕೆ 2003ರ ಸುಕನ್ಯಾ ಹೋಲ್ಡಿಂಗ್ಸ್ ತೀರ್ಪು ತೋರಿಸ್ತಾರೆ, 2015ರ ತಿದ್ದುಪಡಿ ಆದ್ಮೇಲೆ ಮತ್ತು 2023ರ ಕಾಕ್ಸ್ ಅಂಡ್ ಕಿಂಗ್ಸ್ ತೀರ್ಪಿನ ನಂತರ ಅದಕ್ಕೆ ಮೊದಲಿನ ಬಲ ಇಲ್ಲ. "ಕಂಪನಿನೇ ತನ್ನ ಆರ್ಬಿಟ್ರೇಟರನ್ನ ನೇಮಿಸತ್ತೆ ಅಂತ ಕ್ಲಾಜಲ್ಲಿದೆ" ಅನ್ನೋದು ನಿಜಕ್ಕೂ ಒಳ್ಳೇ ಆಕ್ಷೇಪಣೆ, 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪು ನಿಮ್ಮ ಪರ ಇದೆ, ಆದ್ರೆ ಅದು ಆ ಆರ್ಬಿಟ್ರೇಟರನ್ನ ಬದಲಾಯಿಸೋಕೆ ಕಾರಣ, ಆರ್ಬಿಟ್ರೇಷನ್ನನ್ನೇ ತಪ್ಪಿಸ್ಕೊಳ್ಳೋಕೆ ಕಾರಣ ಅಲ್ಲ. ಈ ಎರಡನ್ನ ಬೆರೆಸಿ ಹೈಕೋರ್ಟಿಗೆ ಹೋದ್ರೆ ಎರಡೂ ಹಾಳಾಗತ್ತೆ.

5. ಹೈಕೋರ್ಟ್: 227ನೇ ವಿಧಿ

ಅಪೀಲ್ ಇಲ್ದಿದ್ರೂ ತನ್ನ ಕೆಳಗಿನ ಕೋರ್ಟುಗಳ ಮೇಲೆ ಹೈಕೋರ್ಟಿಗೆ ಮೇಲ್ವಿಚಾರಣೆ ಅಧಿಕಾರ ಇದೆ, ಅದು ಸಂವಿಧಾನದ 227ನೇ ವಿಧಿ. ಆರ್ಬಿಟ್ರೇಷನ್ ಕಾಯ್ದೆ ಆ ಅಧಿಕಾರವನ್ನ ಕಿತ್ಕೊಳ್ಳೋಕಾಗಲ್ಲ. ನೀವು ಬಳಸಬೇಕಾದ ಬಾಗಿಲು ಇದೇ.

226ನೇ ವಿಧಿ ಅಡಿ ಹಾಕ್ಬೇಡಿ. ಸಿವಿಲ್ ಕೋರ್ಟಿನ ನ್ಯಾಯಿಕ ಆದೇಶದ ಮೇಲೆ 226ರ ಅಡಿ ರಿಟ್ ಬರಲ್ಲ, 227 ಮಾತ್ರ ಅಂತ 2015ರ ರಾಧೇಶ್ಯಾಮ್ ತೀರ್ಪಿದೆ. ನಮ್ಮ ಹೈಕೋರ್ಟಲ್ಲಿ ಸಿವಿಲ್ ಕೋರ್ಟ್ ಆರ್ಡರ್ ಮೇಲಿನ ಇಂಥ ಪಿಟಿಷನ್ನಿಗೆ ರಿಟ್ ಪಿಟಿಷನ್ ಅಂತಲೇ ನಂಬರ್ ಬಿದ್ದು ಪಕ್ಕದಲ್ಲಿ ಜಿಎಂ-ಸಿಪಿಸಿ ಅಂತ ಬರತ್ತೆ. ಹುಬ್ಬಳ್ಳಿ, ಬೆಳಗಾವಿ, ಕಾರವಾರ ಕಡೆ ಕೋರ್ಟಿನ ಆರ್ಡರ್ ಆದ್ರೆ ಧಾರವಾಡ ಪೀಠ, ಬೀದರ್, ರಾಯಚೂರು, ವಿಜಯಪುರ ಕಡೆಯದಾದ್ರೆ ಕಲಬುರಗಿ ಪೀಠ, ಬೆಂಗಳೂರಿಗೆ ಓಡಿ ಬರೋದು ಬೇಡ.

ಹೈಕೋರ್ಟು ಎಷ್ಟರ ಮಟ್ಟಿಗೆ ಕೈ ಹಾಕತ್ತೆ? ತೀರಾ ಕಮ್ಮಿ. 2019ರ ಡೀಪ್ ಇಂಡಸ್ಟ್ರೀಸ್ ತೀರ್ಪಿನ ಪ್ರಕಾರ ಮೇಲ್ನೋಟಕ್ಕೇ ಅಧಿಕಾರ ವ್ಯಾಪ್ತಿ ಇಲ್ಲ ಅಂತ ಎದ್ದು ಕಾಣಬೇಕು, 2021ರ ಭಾವೇನ್ ಕನ್ಸ್ಟ್ರಕ್ಷನ್ ತೀರ್ಪಿನ ಪ್ರಕಾರ ಅತೀ ಅಪರೂಪದ ಸಂದರ್ಭ ಆಗಿರಬೇಕು, ಬೇರೆ ಪರಿಹಾರವೇ ಇಲ್ಲದಿರೋದು ಅಥವಾ ದುರುದ್ದೇಶ ಸ್ಪಷ್ಟವಾಗಿರೋದು. ಆ ಎರಡೂ ಕೇಸು ಹುಟ್ಟಿದ್ದು ಆರ್ಬಿಟ್ರೇಟರ್ ಮುಂದಿನ ಪ್ರಕ್ರಿಯೆಯಿಂದ, ಆದ್ರೆ ಹೈಕೋರ್ಟುಗಳು ಸೆಕ್ಷನ್ 8 ಕೇಸಲ್ಲೂ ಅದೇ ಅಳತೆಗೋಲು ಹಿಡೀತಾವೆ. ಹಾಗಾಗಿ ಪಿಟಿಷನ್ನಲ್ಲಿ 40 ಪುಟ ಬರೆದು ಅವರು ಎಷ್ಟು ದುಡ್ಡು ಕೊಡಬೇಕು, ಹೇಗೆ ಮೋಸ ಮಾಡಿದ್ರು ಅಂತ ಕಥೆ ಹೇಳ್ಬೇಡಿ. ಹೈಕೋರ್ಟು ನೋಡೋದು ಒಂದೇ ಪ್ರಶ್ನೆ: ಕೆಳಗಿನ ಕೋರ್ಟು ತನಗಿಲ್ಲದ ಅಧಿಕಾರ ಚಲಾಯಿಸ್ತಾ, ಅಥವಾ ನೋಡಲೇಬೇಕಾದ್ದನ್ನ ನೋಡದೇ ಬಿಡ್ತಾ. ಆಕ್ಷೇಪಣೆಯಲ್ಲಿ ನೀವು "ಕ್ಲಾಜೇ ಇಲ್ಲ" ಅಂತ ಎತ್ತಿದ್ದು, ಆರ್ಡರಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ ಅಂದ್ರೆ ಅದನ್ನ ಮೊದಲ ಪುಟದಲ್ಲೇ ಹಾಕಿ.

ಇನ್ನೊಂದು, ನೀವೇ ಮೊದಲು ಸೆಕ್ಷನ್ 9 ಅಡಿ ಮಧ್ಯಂತರ ರಕ್ಷಣೆ ಕೇಳಿ ಅರ್ಜಿ ಹಾಕಿದ್ರೆ, ಅಥವಾ ಆರ್ಬಿಟ್ರೇಷನ್ ನೋಟಿಸ್ ಕಳಿಸಿದ್ರೆ, ಅದನ್ನ ಮುಚ್ಚಿಡ್ಬೇಡಿ. ಎದುರಿನವರು ಮೊದಲ ದಿನವೇ ಎತ್ತಿ ತೋರಿಸ್ತಾರೆ, ಪಿಟಿಷನ್ ಅಲ್ಲೇ ಮುಗಿಯತ್ತೆ.

227ಕ್ಕೆ ಇಷ್ಟು ದಿನ ಅಂತ ಕಾಯ್ದೆಯಲ್ಲಿ ಮಿತಿ ಇಲ್ಲ, ಅದನ್ನ ಕೇಳಿ ಆರಾಮಾಗಿ ಕೂರಬೇಡಿ, ಕಾರಣ ಕೊಡದೆ ತಡ ಮಾಡಿದ್ರೆ ಅದೊಂದರ ಮೇಲೇ ವಜಾ ಆಗಬಹುದು. ಜೊತೆಗೆ ಸ್ಟೇ ಅರ್ಜಿ ಹಾಕ್ಲೇಬೇಕು. ರಿಟ್ ಹಾಕಿದ ಮಾತ್ರಕ್ಕೆ ಯಾವುದೂ ನಿಲ್ಲಲ್ಲ.

ಇಲ್ಲೂ ಸೋತ್ರೆ 136ನೇ ವಿಧಿ ಅಡಿ ಸುಪ್ರೀಂ ಕೋರ್ಟಿಗೆ ಎಸ್‌ಎಲ್‌ಪಿ, 90 ದಿನದೊಳಗೆ. ದೆಹಲಿ ಖರ್ಚು, ಗೆಲ್ಲೋ ಸಾಧ್ಯತೆ ಎರಡನ್ನೂ ನೋಡಿದ್ರೆ ಸಣ್ಣ ಮೊತ್ತದ ಕೇಸಿಗೆ ನಾನು ಬೇಡ ಅಂತಲೇ ಹೇಳ್ತೀನಿ.

6. ಹೈಕೋರ್ಟಿಗೆ ಹೋದ್ರೂ ಹೋಗದಿದ್ರೂ ಈ ಎರಡನ್ನ ಕಾಪಾಡಿ

ಮೊದಲನೇದು ಲಿಮಿಟೇಷನ್, ಅಂದ್ರೆ ಕ್ಲೇಮ್ ಮಾಡೋಕಿರೋ ಕಾಲಮಿತಿ. ಆರ್ಬಿಟ್ರೇಷನ್ ಶುರುವಾಯ್ತು ಅಂತ ಲೆಕ್ಕ ಹಾಕೋದು ನಿಮ್ಮ ಸೆಕ್ಷನ್ 21ರ ನೋಟಿಸ್ (ಆರ್ಬಿಟ್ರೇಷನ್‌ಗೆ ಹೋಗೋಣ ಅಂತ ಕೇಳೋ ನೋಟಿಸ್) ಎದುರಿನವರ ಕೈ ಸೇರಿದ ದಿನ. ಕೋರ್ಟು ಕಳಿಸಿದೆ ತಾನೇ, ಅವರೇ ಕರೀತಾರೆ ಅಂತ ಕಾಯ್ತಾ ಕೂತ್ರೆ ಯಾರೂ ಕರೆಯಲ್ಲ, ದುಡ್ಡು ಬರಬೇಕಾಗಿರೋದು ನಿಮಗೆ, ಎದುರಿನವರಿಗೆ ಏನು ಅವಸರ? ತಪ್ಪು ಕೋರ್ಟಲ್ಲಿ ಪ್ರಾಮಾಣಿಕವಾಗಿ ಕಳೆದ ಸಮಯವನ್ನ ಲೆಕ್ಕದಿಂದ ಬಿಡೋಕೆ ಲಿಮಿಟೇಷನ್ ಕಾಯ್ದೆಯ ಸೆಕ್ಷನ್ 14 ಇದೆ, ಆದ್ರೆ ಅದನ್ನ ನೀವು ಸಾಬೀತು ಮಾಡಿ ಪಡ್ಕೋಬೇಕು, ರಿಟ್‌ನಲ್ಲಿ ಕಳೆದ ತಿಂಗಳುಗಳಿಗೂ ಅದು ಸಿಗತ್ತೆ ಅಂತ ನಂಬಿ ಕೂರೋದು ಅಪಾಯ. ಆದ್ದರಿಂದ "ನಮ್ಮ ಆಕ್ಷೇಪಣೆಗಳನ್ನ ಬಿಟ್ಟುಕೊಡದೆ" ಅಂತ ಸ್ಪಷ್ಟವಾಗಿ ಬರೆದು ಸೆಕ್ಷನ್ 21 ನೋಟಿಸನ್ನ ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸಿ. ನೋಟಿಸ್ ತಲುಪಿ 30 ದಿನದೊಳಗೆ ಆರ್ಬಿಟ್ರೇಟರ್ ಬಗ್ಗೆ ಒಪ್ಪಿಗೆ ಆಗ್ಲಿಲ್ಲ ಅಂದ್ರೆ ಸೆಕ್ಷನ್ 11 ಅರ್ಜಿ.

ಎರಡನೇದು ತಡೆಯಾಜ್ಞೆ. ದಾವೆಯಲ್ಲಿ ನಿಮಗೆ ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿತ್ತು ಅಂತಿಟ್ಕೊಳ್ಳಿ, ದಾವೆ ಮುಗಿದ ದಿನ ಅದೂ ಹೋಯ್ತು. ಎಷ್ಟೋ ಜನಕ್ಕೆ ಇದು ಗೊತ್ತಾಗೋದು ಎದುರಿನವರು ಮೆಷಿನರಿ ಸಾಗಿಸಿದ ಮೇಲೆ, ಸೈಟ್ ಮಾರಿದ ಮೇಲೆ. ಅವತ್ತೇ ವಕೀಲರಿಗೆ ಹೇಳಿ ಸೆಕ್ಷನ್ 9 ಅರ್ಜಿ ರೆಡಿ ಮಾಡ್ಸಿ. ಆರ್ಬಿಟ್ರೇಷನ್ ಶುರುವಾಗೋ ಮುಂಚೆ ಆ ಆರ್ಡರ್ ಸಿಕ್ರೆ 90 ದಿನದೊಳಗೆ ಆರ್ಬಿಟ್ರೇಷನ್ ಶುರು ಮಾಡ್ಬೇಕು ಅನ್ನೋದನ್ನೂ ಡೈರಿಯಲ್ಲಿ ಬರೆದಿಡಿ.

7. ಆರ್ಬಿಟ್ರೇಟರ್ ಮುಂದೆಯೇ ಆಕ್ಷೇಪಣೆ ಎತ್ತಿ

ಸೆಕ್ಷನ್ 8ರಲ್ಲಿ ಸಿವಿಲ್ ಕೋರ್ಟು ನೋಡಿದ್ದು ಮೇಲ್ನೋಟಕ್ಕೆ ಮಾತ್ರ. ಆರ್ಬಿಟ್ರೇಟರ್ ತನಗೆ ಅಧಿಕಾರ ಇದ್ಯಾ ಅಂತ ಸೆಕ್ಷನ್ 16ರ ಅಡಿ ಸಾಕ್ಷಿ ಸಮೇತ ಪೂರ್ತಿ ನೋಡಬಹುದು, ಕೋರ್ಟಿನ ಆ ಮೇಲ್ನೋಟದ ಅಭಿಪ್ರಾಯ ಅವರ ಕೈ ಕಟ್ಟಲ್ಲ. ನಿಮ್ಮ ಮೇಲೇ ಕ್ಲೇಮ್ ಬಂದಿದ್ರೆ ಡಿಫೆನ್ಸ್ ಸ್ಟೇಟ್‌ಮೆಂಟ್ ಕೊಡೋದ್ರೊಳಗೆ ಈ ಆಕ್ಷೇಪಣೆ ಬರಬೇಕು. ಆರ್ಬಿಟ್ರೇಟರ್ ನೇಮಕಕ್ಕೆ ನೀವು ಒಪ್ಪಿದ್ರೂ ಅದನ್ನ ಎತ್ತೋ ಹಕ್ಕು ಹೋಗಲ್ಲ, ಸುಮ್ಮನೆ ಹಾಜರಾಗಿ ಬಾಯಿ ಮುಚ್ಕೊಂಡಿದ್ರೆ ಮಾತ್ರ ಹೋಗತ್ತೆ.

ಆರ್ಬಿಟ್ರೇಟರ್ ನಿಮ್ಮ ಆಕ್ಷೇಪಣೆ ಒಪ್ಪಿದ್ರೆ ಎದುರಿನವರಿಗೆ ಅಪೀಲ್ ಇದೆ. ತಳ್ಳಿಹಾಕಿದ್ರೆ ನಿಮಗೆ ಆಗಲೇ ಅಪೀಲ್ ಇಲ್ಲ, ಕೇಸು ಮುಂದುವರಿಯತ್ತೆ. ಬೇಜಾರಲ್ಲಿ ಎದ್ದು ಬರಬೇಡಿ, ದಯವಿಟ್ಟು. ಸಾಕ್ಷಿ ಕೊಡಿ, ಪಾಟಿ ಸವಾಲು ಮಾಡಿಸಿ, ಅವಾರ್ಡಲ್ಲಿ ನೀವೇ ಗೆಲ್ಲಬಹುದು. ಬೆಂಗಳೂರಲ್ಲಿ ಹೈಕೋರ್ಟಿನ ಆಶ್ರಯದಲ್ಲಿರೋ ಆರ್ಬಿಟ್ರೇಷನ್ ಸೆಂಟರ್ ಮೂಲಕ ನಡೆದ್ರೆ ನಿಗದಿ ಮಾಡಿದ ಫೀಸಿನ ಪಟ್ಟಿ ಇರತ್ತೆ, ಅಡ್‌ಹಾಕ್ ಆಗಿ, ಅಂದ್ರೆ ಯಾವ ಸೆಂಟರೂ ಇಲ್ಲದೆ, ನಡೆದ್ರೆ ಫೀಸ್ ಎಷ್ಟು ಅಂತ ಮೊದಲ ಸಿಟಿಂಗ್‌ನಲ್ಲೇ ಬರವಣಿಗೆಯಲ್ಲಿ ತಗೊಳ್ಳಿ.

8. ಅವಾರ್ಡ್ ಬಂದ ಮೇಲೆ

ಸೋತ್ರೆ ಸೆಕ್ಷನ್ 34 ಅಡಿ ಅವಾರ್ಡ್ ರದ್ದು ಮಾಡಿ ಅಂತ ಅರ್ಜಿ. ಒಪ್ಪಂದ ಸಿಂಧು ಅಲ್ಲ, ವಿಷಯವೇ ಆರ್ಬಿಟ್ರೇಷನ್‌ಗೆ ಒಗ್ಗಲ್ಲ ಅನ್ನೋ ನಿಮ್ಮ ಹಳೇ ಆಕ್ಷೇಪಣೆಗಳೆಲ್ಲ ಇಲ್ಲಿ ಮತ್ತೆ ಜೀವ ಪಡೀತವೆ, ಹಿಂದಿನ ಹಂತದಲ್ಲಿ ಸೆಕ್ಷನ್ 16 ಅರ್ಜಿ ಹಾಕಿಟ್ಟಿದ್ರೆ. ಕಾಲಮಿತಿ ಸಹಿ ಇರೋ ಅವಾರ್ಡ್ ಪ್ರತಿ ನಿಮ್ಮ ಕೈ ಸೇರಿದ ದಿನದಿಂದ 3 ತಿಂಗಳು, ತಕ್ಕ ಕಾರಣ ಇದ್ರೆ ಇನ್ನೊಂದು 30 ದಿನ, ಅದರ ಮೇಲೆ ಒಂದು ದಿನ ತಡವಾದ್ರೂ ಕ್ಷಮಿಸೋ ಅಧಿಕಾರ ಕೋರ್ಟಿಗೇ ಇಲ್ಲ. ಅವಾರ್ಡ್ ಬಂದ ಕವರನ್ನ ಹರಿದು ಎಸೀಬೇಡಿ, ಅಂಚೆ ಮುದ್ರೆಯ ತಾರೀಖು ಕಾಣೋ ಹಾಗೆ ಫೋಟೋ ತೆಗೆದು ಕವರ್ ಸಮೇತ ವಕೀಲರಿಗೆ ಕೊಡಿ.